ಸರಾಸರಿಯೂ ಹಸಿವೂ: ಪುಣೆಯ ಒಂದು ವಿವಾದದಿಂದ ಸಂಖ್ಯಾಶಾಸ್ತ್ರದ ಮೊದಲ ಪಾಠ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನು ಮೊದಲಬಾರಿಗೆ ಅಭ್ಯಸಿಸುವ ವಿದ್ಯಾರ್ಥಿಗೆ ಪ್ರಾರಂಭದಲ್ಲಿಯೇ ಎರಡು ಅಳತೆಗಳ ಪರಿಚಯವಾಗುತ್ತದೆ: ಒಂದು ಸರಾಸರಿ, ಇನ್ನೊಂದು ಮಾನಕ ವಿಚಲನೆ. ಸೂತ್ರವನ್ನು ಬಾಯಿಪಾಠ ಮಾಡಿ, ಕೊಟ್ಟ ಅಂಕಿಗಳನ್ನು ಅದರಲ್ಲಿಟ್ಟು, ಉತ್ತರವನ್ನು ಬರೆದು ಮುಗಿಸುವುದೇ ಬಹುಮಟ್ಟಿನ ರೂಢಿ. ಆ ಅಂಕಿಗಳು ಯಾರವು, ಅವು ಏನನ್ನು ಅಳೆಯುತ್ತವೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದು ವಿರಳ. ಆದರೆ ದೇಶದಲ್ಲಿ ಹಸಿದವರೆಷ್ಟು ಮಂದಿ ಎಂಬ ನಿರ್ಣಯವು ಈ ಎರಡು ಅಳತೆಗಳ ಬಳಕೆಯನ್ನೇ ಅವಲಂಬಿಸಬಲ್ಲುದೆಂಬುದನ್ನು ಪುಣೆಯ ಇಬ್ಬರು ವಿದ್ವಾಂಸರ ನಡುವೆ ನಡೆದ ವಿವಾದವು ತೋರಿಸಿಕೊಡುತ್ತದೆ.

ಪುಣೆಯಲ್ಲಿ 1930ರಲ್ಲಿ ಸ್ಥಾಪಿತವಾದ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯು ಹಳ್ಳಿಪಟ್ಟಣಗಳ ಸಮೀಕ್ಷೆಗಳಿಗೆ ಹೆಸರಾದುದು. ಅಲ್ಲಿಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ ಅವರು 1971ರಲ್ಲಿ ಭಾರತದ ದಾರಿದ್ರ್ಯವನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ದಿನವೊಂದಕ್ಕೆ ತಲಾ 2,250 ಕ್ಯಾಲೊರಿಯ ಆಹಾರವು ದೊರೆಯಬೇಕಾದರೆ ಎಷ್ಟು ವೆಚ್ಚಮಾಡುವ ಮಟ್ಟದಲ್ಲಿ ಕುಟುಂಬವಿರಬೇಕೆಂಬುದನ್ನು ಅವರು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳಿಂದ ಕಂಡುಹಿಡಿದರು. 1960-61ರ ಬೆಲೆಗಳಲ್ಲಿ ಅದು ತಲಾ ತಿಂಗಳಿಗೆ ಗ್ರಾಮಗಳಲ್ಲಿ 15 ರೂಪಾಯಿ, ನಗರಗಳಲ್ಲಿ ಇಪ್ಪತ್ತೆರಡೂವರೆ ರೂಪಾಯಿ. ಈ ಗೆರೆಯ ಕೆಳಗೆ ಗ್ರಾಮವಾಸಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿಯೂ ನಗರವಾಸಿಗಳಲ್ಲಿ ಸುಮಾರು 50 ಮಂದಿಯೂ ಇದ್ದರೆಂಬುದು ಅವರ ನಿರ್ಣಯ.

ಇಲ್ಲಿ ಬಳಕೆಯಾದ 2,250 ಎಂಬುದು ಒಂದು ಸರಾಸರಿ. ಸರಾಸರಿಯ ಗುಣವೂ ದೋಷವೂ ಒಂದೇ. ಅದು ಅನೇಕವನ್ನು ಒಂದಾಗಿಸುತ್ತದೆ. ಒಬ್ಬನು ನಾಲ್ಕು ರೊಟ್ಟಿಯನ್ನುಂಡು ಮತ್ತೊಬ್ಬನು ಉಪವಾಸ ಮಲಗಿದರೂ ತಲಾ ಎರಡು ರೊಟ್ಟಿಯೆಂದೇ ಲೆಕ್ಕವು ಹೇಳುವುದು. ಊಟಕ್ಕೆ ಸಲ್ಲುವ ಈ ಮಾತು ಊಟದ ಅಗತ್ಯಕ್ಕೂ ಸಲ್ಲುತ್ತದೆ. ಒಂದೇ ವಯಸ್ಸಿನ, ಒಂದೇ ಕೆಲಸದ ಇಬ್ಬರು ಆರೋಗ್ಯವಂತರಿಗೆ ಬೇಕಾಗುವ ಆಹಾರ ಸಮನಾಗಿರಬೇಕೆಂಬ ನಿಯಮವಿಲ್ಲ.

ಈ ಅಂಶವನ್ನೇ ಹಿಡಿದು ವಾದವನ್ನು ಹೂಡಿದವರು ಪಾಂಡುರಂಗ ವಾಸುದೇವ ಸುಖಾತ್ಮೆಯವರು. 1911ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಜನಿಸಿದ ಇವರು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರದ ಉನ್ನತ ವ್ಯಾಸಂಗವನ್ನು ಮಾಡಿದರು. 1951ರಿಂದ ಸುಮಾರು ಎರಡು ದಶಕಗಳ ಕಾಲ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿ, ನಿವೃತ್ತರಾಗಿ ಪುಣೆಯಲ್ಲಿ ನೆಲಸಿದರು. ವ್ಯಕ್ತಿವ್ಯಕ್ತಿಗಳ ನಡುವೆ ಮಾತ್ರವಲ್ಲದೆ, ಒಬ್ಬನೇ ವ್ಯಕ್ತಿಯಲ್ಲಿಯೂ ಕಾಲದಿಂದ ಕಾಲಕ್ಕೆ ಆಹಾರದ ಅಗತ್ಯವು ಏರಿಳಿಯುತ್ತದೆ. ಈ ಏರಿಳಿತಕ್ಕೆ ದೇಹವು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಆದುದರಿಂದ ಸರಾಸರಿಗಿಂತ ಕಡಮೆ ಉಂಡವರೆಲ್ಲರೂ ಹಸಿದವರಲ್ಲ, ಎಂಬುದು ಅವರ ಪ್ರತಿಪಾದನೆ.

ಇಲ್ಲಿ ಎರಡನೆಯ ಅಳತೆಯು ಪ್ರವೇಶಿಸುತ್ತದೆ. ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂಬುದನ್ನು ಮಾನಕ ವಿಚಲನೆಯು ತಿಳಿಸುತ್ತದೆ. ಪ್ರತಿಯೊಂದು ದೂರವನ್ನೂ ವರ್ಗಮಾಡಿ, ಆ ವರ್ಗಗಳ ಸರಾಸರಿಯನ್ನು ತೆಗೆದು, ಅದರ ವರ್ಗಮೂಲವನ್ನು ಕಂಡುಹಿಡಿದರೆ ಅದು ದೊರೆಯುತ್ತದೆ. ಉದಾಹರಣೆಗೆ ನಾಲ್ವರ ಅಗತ್ಯವು 1,700, 1,700, 2,300, 2,300 ಕ್ಯಾಲೊರಿಗಳೆಂದು ಊಹಿಸಿದರೆ, ಸರಾಸರಿ 2,000, ಮಾನಕ ವಿಚಲನೆ 300. ದೊಡ್ಡ ಸಮೂಹವೊಂದರಲ್ಲಿಯೂ ಇವೇ ಎರಡು ಮೌಲ್ಯಗಳಿದ್ದು, ಅಂಕಿಗಳು ಘಂಟೆಯಾಕಾರದ ಪ್ರಸಾಮಾನ್ಯ ವಕ್ರರೇಖೆಯನ್ನು ಅನುಸರಿಸಿದರೆ, ಅರ್ಧದಷ್ಟು ಜನರ ಅಗತ್ಯವು 2,000ಕ್ಕಿಂತ ಕಡಮೆಯಾಗಿರುತ್ತದೆ. ಆದರೆ ಸರಾಸರಿಯಿಂದ ಎರಡು ವಿಚಲನೆಗಳನ್ನು ಕಳೆದಾಗ ಬರುವ 1,400ಕ್ಕಿಂತ ಕಡಮೆ ಅಗತ್ಯವುಳ್ಳವರು ನೂರರಲ್ಲಿ ಎರಡು ಮೂರು ಮಂದಿ ಮಾತ್ರ. ಗೆರೆಯನ್ನು ಸರಾಸರಿಯಲ್ಲಿ ಎಳೆಯದೆ, ಎರಡು ವಿಚಲನೆಗಳಷ್ಟು ಕೆಳಗೆ ಎಳೆಯಬೇಕೆಂದು ಸುಖಾತ್ಮೆಯವರು ವಾದಿಸಿದುದು ಈ ತರ್ಕದಿಂದಲೇ. 1,400ಕ್ಕೂ 2,000ಕ್ಕೂ ನಡುವಣ ಆಹಾರವುಳ್ಳ ಮನುಷ್ಯನು ಮೊದಲನೆಯ ಎಣಿಕೆಯಲ್ಲಿ ಹಸಿದವನು, ಎರಡನೆಯದರಲ್ಲಿ ಅಲ್ಲ. ಅವನ ತಟ್ಟೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಿರುವುದಿಲ್ಲ.

ಈ ವಾದಕ್ಕೆ ಪ್ರಬಲವಾದ ಆಕ್ಷೇಪಗಳೂ ಬಂದುವು. ದಾರಿದ್ರ್ಯವೂ ನ್ಯೂನಪೋಷಣೆಯೂ ಒಂದೇ ಅಲ್ಲ, ಅವೆರಡನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು ಎಂದು ದಾಂಡೇಕರರು 1981ರಲ್ಲಿ ಉತ್ತರಕೊಟ್ಟರು. ದೇಹವು ಅಲ್ಪಾಹಾರಕ್ಕೆ ಹೊಂದಿಕೊಳ್ಳುವುದಕ್ಕೂ ಒಂದು ಬೆಲೆಯುಂಟೆಂದು ಪೋಷಣವಿಜ್ಞಾನಿ ಸಿ. ಗೋಪಾಲನ್ ಮೊದಲಾದವರು ಎಚ್ಚರಿಸಿದರು. ಕಡಮೆ ಉಂಡವನು ಕಡಮೆ ದುಡಿದು, ಮಗುವಾದರೆ ಕಡಮೆ ಬೆಳೆದು, ಆ ಬೆಲೆಯನ್ನು ತೆರಬೇಕಾಗುತ್ತದೆ. ಹಾಗೆ ಕುಗ್ಗಿ ಬದುಕುವವನನ್ನು ಆರೋಗ್ಯವಂತನೆಂದು ಎಣಿಸುವುದು ಸರಿಯೇ ಎಂಬುದು ಸೂತ್ರದಿಂದ ಮಾತ್ರ ಬಗೆಹರಿಯುವ ಪ್ರಶ್ನೆಯಲ್ಲ.

ಮುಂದೆಯೂ ಎರಡು ಮಾರ್ಗಗಳು ಉಳಿದುವು. ಭಾರತದ ಯೋಜನಾ ಆಯೋಗದ ಕಾರ್ಯತಂಡವು 1979ರಲ್ಲಿ ಗ್ರಾಮಗಳಿಗೆ 2,400, ನಗರಗಳಿಗೆ 2,100 ಕ್ಯಾಲೊರಿಗಳೆಂಬ ಸರಾಸರಿ ಪ್ರಮಾಣವನ್ನೇ ಅಂಗೀಕರಿಸಿತು. 2009ರ ತೆಂಡೂಲ್ಕರ್ ಸಮಿತಿಯು ಕ್ಯಾಲೊರಿಯ ಆಧಾರವನ್ನೇ ಕೈಬಿಟ್ಟಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದರೋ ನ್ಯೂನಪೋಷಿತರನ್ನು ಎಣಿಸಲು ಸರಾಸರಿಯನ್ನಲ್ಲ, ಕನಿಷ್ಠ ಅಗತ್ಯದ ಗೆರೆಯನ್ನೇ ಬಳಸುತ್ತದೆ.

ಇಬ್ಬರು ವಿದ್ವಾಂಸರೂ ಗಣಿತದಲ್ಲಿ ತಪ್ಪಿದವರಲ್ಲ. ಯಾವುದನ್ನು ಅಳೆಯಬೇಕು, ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬಲ್ಲಿಯೇ ಅವರ ಭಿನ್ನಾಭಿಪ್ರಾಯ. ಪ್ರಥಮ ವರ್ಷದ ವಿದ್ಯಾರ್ಥಿಯು ಮುಂದೆ ಸೂತ್ರಗಳನ್ನು ಮರೆತರೂ ಪುಸ್ತಕವನ್ನು ತೆರೆದು ಮತ್ತೆ ಕಲಿಯಬಹುದು. ಆದರೆ ಗೆರೆಯನ್ನು ಕಂಡಾಗಲೆಲ್ಲ ಅದನ್ನು ಅಲ್ಲಿ ಏಕೆ ಎಳೆದರೆಂದು ಕೇಳುವ ಅಭ್ಯಾಸವನ್ನು ಆ ಮೊದಲ ತರಗತಿಯಲ್ಲಿಯೇ ಬೆಳೆಸಿಕೊಳ್ಳಬೇಕು.