ಹಾಡು ತೆರೆಗೆ ಬಂತು, ಹಾಡುಗಾರನ ಹೆಸರೆಲ್ಲಿ?

ಪಿರಿಯಾಪಟ್ಟಣ: ಮಲೆ ಮಹದೇಶ್ವರನ ಪದಗಳು ಇಂದು ಚಲನಚಿತ್ರ, ವಾದ್ಯಗೋಷ್ಠಿ, ಮೊಬೈಲ್ ರಿಂಗ್‌ಟೋನ್ ಹಾಗೂ ಅರ್ಧ ನಿಮಿಷದ ರೀಲ್ಸ್‌ಗಳಲ್ಲಿ ಏಕಕಾಲಕ್ಕೆ ಕೇಳಿಬರುತ್ತಿವೆ. ಆದರೆ ಗೀತರಚನೆಕಾರರ ಹೆಸರಿರಬೇಕಾದ ಜಾಗದಲ್ಲಿ ಬಹುತೇಕ ಸಂದರ್ಭಗಳಲ್ಲಿ ಇರುವುದು ‘ಜನಪದ’ ಎಂಬ ಒಂದೇ ಪದ. ಆ ಪದದ ಹಿಂದೆ ತಲೆಮಾರುಗಳಿಂದ ಕಥೆಯನ್ನು ಕಾಪಾಡಿಕೊಂಡು ಬಂದ ಗಾಯಕ ಕುಟುಂಬಗಳಿವೆ. ಹೊಸ ಮಾಧ್ಯಮಕ್ಕೆ ದಾಟುವಾಗ ಹಾಡಿನಲ್ಲಿ ಏನು ಉಳಿಯುತ್ತದೆ? ಹಾಡಿದವರಿಗೆ ಕಾನೂನು ಯಾವ ಹಕ್ಕು ನೀಡಿದೆ?

ರಾತ್ರಿಯಿಡೀ ನಡೆಯುವ ಕಥೆ

ಹಳೆ ಮೈಸೂರು ಸೀಮೆಯ ಎರಡು ದೊಡ್ಡ ಮೌಖಿಕ ಮಹಾಕಾವ್ಯಗಳೆಂದರೆ ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ. ಮೊದಲನೆಯದನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡಿದರೆ, ಎರಡನೆಯದು ತಂಬೂರಿ ಮೀಟುವ ನೀಲಗಾರರ ಸ್ವತ್ತು. ಕೆ.ಆರ್. ನಗರ ಸೀಮೆಯ ಕಾವೇರಿ ದಡದಲ್ಲಿರುವ ಕಪ್ಪಡಿ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯವರ ಗದ್ದುಗೆ. ಶಿವರಾತ್ರಿಯ ವೇಳೆಗೆ ಇಲ್ಲಿ ನಡೆಯುವ ಜಾತ್ರೆಗೆ ಸುತ್ತಲ ತಾಲ್ಲೂಕುಗಳ ಒಕ್ಕಲು ಸೇರುತ್ತದೆ.

ಈ ಕಾವ್ಯಗಳು ಬಿಡಿ ಹಾಡುಗಳ ಸಂಕಲನವಲ್ಲ. ಮಹದೇಶ್ವರ ಕಾವ್ಯವು ‘ಸಾಲು’ಗಳಾಗಿ ಹಂಚಿಕೊಂಡಿದೆ. ಸಂಕಮ್ಮನ ಸಾಲು, ಶ್ರವಣದೊರೆ ಸಾಲು ಮುಂತಾದ ಒಂದೊಂದು ಸಾಲಿಗೂ ತನ್ನದೇ ಕಥೆಯಿದೆ. ಹರಕೆ ಹೊತ್ತ ಮನೆಯವರು ಕಥೆ ಮಾಡಿಸುತ್ತಾರೆ. ಗಾಯನ ಬೆಳಗಿನವರೆಗೆ ಸಾಗುತ್ತದೆ. ಅಲ್ಲಿ ಹಾಡು ಮನರಂಜನೆಯಷ್ಟೇ ಅಲ್ಲ, ಸೇವೆಯೂ ಹೌದು.

ಧ್ವನಿಸುರುಳಿಯ ಯುಗದಲ್ಲಿ ಈ ಕಥೆಗಳು ಕ್ಯಾಸೆಟ್ಟಿನ ಅಳತೆಗೆ ಕುಗ್ಗಿದವು. ಆದರೂ ಮಳವಳ್ಳಿ ಮಹದೇವಸ್ವಾಮಿ ಅವರಂತಹ ಪರಂಪರೆಯ ಗಾಯಕರ ಹೆಸರು ಮನೆಮಾತಾದದ್ದು ಆ ಕ್ಯಾಸೆಟ್ಟುಗಳಿಂದಲೇ. ಸಿನಿಮಾದಲ್ಲಿ ಅದೇ ಕಥೆಗೆ ಸಿಕ್ಕಿದ್ದು ನಾಲ್ಕೈದು ನಿಮಿಷ ಮಾತ್ರ.

ಒಂದು ಪದ, ಎರಡು ಫಲ

‘ಕೋಲುಮಂಡೆ ಜಂಗಮದೇವರು’ ಪದದ ಪಯಣ ಇದಕ್ಕೆ ಉತ್ತಮ ನಿದರ್ಶನ. ಟಿ.ಎಸ್. ನಾಗಾಭರಣ ನಿರ್ದೇಶನದ ‘ಜನುಮದ ಜೋಡಿ’ (1996) ಚಿತ್ರದಲ್ಲಿ ವಿ. ಮನೋಹರ್ ಸಂಗೀತದೊಂದಿಗೆ, ಎಲ್.ಎನ್. ಶಾಸ್ತ್ರಿ ಅವರ ಕಂಠದಲ್ಲಿ ಅದು ರಾಜ್ಯದಾದ್ಯಂತ ಜನಪ್ರಿಯವಾಯಿತು.

2020ರ ಆಗಸ್ಟ್‌ನಲ್ಲಿ ಗಾಯಕ ಚಂದನ್ ಶೆಟ್ಟಿ ಇದೇ ಪದವನ್ನು ಹೊಸ ಶೈಲಿಯ ವಿಡಿಯೊ ಗೀತೆಯಾಗಿ ಹೊರತಂದರು. ಶರಣೆ ಸಂಕಮ್ಮನನ್ನು ಅಗೌರವದಿಂದ ಚಿತ್ರಿಸಲಾಗಿದೆ ಎಂದು ಮಹದೇಶ್ವರನ ಭಕ್ತರು ಆಕ್ಷೇಪಿಸಿದರು. ಚಂದನ್ ಶೆಟ್ಟಿ ಕ್ಷಮೆ ಯಾಚಿಸಿದರು; ವಿಡಿಯೊವನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು.

ಆಕ್ಷೇಪ ಆಧುನಿಕ ವಾದ್ಯಗಳ ಬಗ್ಗೆ ಮಾತ್ರ ಇದ್ದಿದ್ದರೆ ಹಿಂದಿನ ಎಷ್ಟೋ ಗೀತೆಗಳೂ ವಿವಾದಕ್ಕೀಡಾಗಬೇಕಿತ್ತು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ‘ಸೋಜುಗದ ಸೂಜುಮಲ್ಲಿಗೆ’ ಪದವು ರೌಡಿಸಂ ಕಥೆಯ ನಡುವೆ ಬಂದರೂ ಪ್ರೇಕ್ಷಕರು ಮೆಚ್ಚಿಕೊಂಡರು. ಕಾವ್ಯದ ಸಂಕಮ್ಮ ಗಂಡನ ಸಂಶಯಕ್ಕೆ ಗುರಿಯಾಗಿ, ಕಾಡಿನಲ್ಲಿ ಒಂಟಿಯಾಗಿ ನೊಂದು, ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳನ್ನು ಪಡೆದ ಹೆಣ್ಣು. ಒಕ್ಕಲಿನವರಿಗೆ ಆಕೆ ಕಥೆಯ ಪಾತ್ರ ಮಾತ್ರವಲ್ಲ, ಪೂಜ್ಯಳು. ಸಾಲಿನಿಂದ ಪದವನ್ನು ಬಿಡಿಸಿ ತಂದಾಗ ಈ ಹಿನ್ನೆಲೆ ಹಿಂದೆಯೇ ಉಳಿಯುತ್ತದೆ.

ಪಂಜಾಬಿನ ಮಾದರಿ

ಜನಪದವನ್ನು ಜನಪ್ರಿಯ ಸಂಗೀತವಾಗಿಸಿದ್ದರಲ್ಲಿ ಪಂಜಾಬಿ ಭಾಷಿಕರು ಮುಂದಿದ್ದಾರೆ. ‘ಜುಗ್ನಿ’ ಎಂಬ ಹಾಡಿನ ಪ್ರಕಾರವನ್ನು ಪಾಕಿಸ್ತಾನದ ಜನಪದ ಗಾಯಕ ಆಲಂ ಲೋಹಾರ್ ಜನಪ್ರಿಯಗೊಳಿಸಿದರು. 2010ರಲ್ಲಿ ಅವರ ಪುತ್ರ ಆರಿಫ್ ಲೋಹಾರ್ ಅದನ್ನು ಕೋಕ್ ಸ್ಟುಡಿಯೊದಲ್ಲಿ ಹಾಡಿದರು. 2012ರ ಹಿಂದಿ ಚಿತ್ರ ‘ಕಾಕ್‌ಟೇಲ್’ನಲ್ಲೂ ಅವರದೇ ದನಿಯಿತ್ತು. ಹಾಡು ಹೊಸ ರೂಪ ತಳೆಯಿತು, ಆದರೆ ಪರಂಪರೆಯ ಗಾಯಕ ಮರೆಯಾಗಲಿಲ್ಲ.

ಕನ್ನಡದಲ್ಲೂ ಇಂತಹ ಪ್ರಯತ್ನ ನಡೆದಿದೆ. ‘ಸಲಗ’ (2021) ಚಿತ್ರದ ಪ್ರಚಾರ ಗೀತೆಯಲ್ಲಿ ಸಿದ್ದಿ ಸಮುದಾಯದ ಗಿರಿಜಾ ಸಿದ್ದಿ ಹಾಗೂ ಗೀತಾ ಸಿದ್ದಿ ಅವರೇ ಹಾಡಿದ್ದಾರೆ.

ಕಾನೂನು ಏನೆನ್ನುತ್ತದೆ?

ಅನಾಮಧೇಯ ಜನಪದ ಗೀತೆಯ ಸಾಹಿತ್ಯಕ್ಕಾಗಲೀ ಮೂಲ ಧಾಟಿಗಾಗಲೀ ಕೃತಿಸ್ವಾಮ್ಯ ದೊರೆಯುವುದಿಲ್ಲ. ಅದನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಹೊಸದಾಗಿ ಮಾಡಿದ ಧ್ವನಿಮುದ್ರಣಕ್ಕೆ 60 ವರ್ಷಗಳ ಕೃತಿಸ್ವಾಮ್ಯವಿದೆ; ಅದು ಸಾಮಾನ್ಯವಾಗಿ ನಿರ್ಮಾಪಕರ ಪಾಲಾಗುತ್ತದೆ. ಹೀಗಾಗಿ ಎಲ್ಲರಿಗೂ ಸೇರಿದ ಪದದಿಂದ ಕೆಲವರಿಗಷ್ಟೇ ಆದಾಯ ಬರುವ ಸ್ಥಿತಿಯಿದೆ.

ಆದರೆ ಗಾಯಕರು ಸಂಪೂರ್ಣ ನಿರಾಯುಧರಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಯಕ, ನರ್ತಕರ ಜತೆಗೆ ದೊಂಬರಾಟದವರು, ಹಾವಾಡಿಗರೂ ಸೇರಿದ್ದಾರೆ. ಜಾತ್ರೆಯಲ್ಲಿ ಹಾಡುವ ನೀಲಗಾರರೂ ಇದರಡಿ ಬರುತ್ತಾರೆ. ಈ ಹಕ್ಕಿನ ಅವಧಿ 50 ವರ್ಷ.

2012ರ ತಿದ್ದುಪಡಿ ಇನ್ನಷ್ಟು ಮುಂದೆ ಹೋಯಿತು. ಗಾಯನವನ್ನು ಧ್ವನಿಮುದ್ರಿಸುವ, ಚಿತ್ರೀಕರಿಸುವ ಹಾಗೂ ಸಾರ್ವಜನಿಕರಿಗೆ ತಲುಪಿಸುವ ವಿಶೇಷ ಹಕ್ಕು ಪ್ರದರ್ಶಕರದು. ವಾಣಿಜ್ಯ ಬಳಕೆಯಾದರೆ ಗೌರವಧನಕ್ಕೆ ಅವರು ಅರ್ಹರು. ಪ್ರದರ್ಶಕರೆಂದು ತಮ್ಮ ಹೆಸರು ನಮೂದಾಗಬೇಕೆಂದು ಕೇಳುವ ನೈತಿಕ ಹಕ್ಕೂ ಅವರಿಗಿದೆ. ಇವು ಆ ನಿರ್ದಿಷ್ಟ ಗಾಯನಕ್ಕೆ ಸಿಗುವ ಹಕ್ಕುಗಳೇ ಹೊರತು ಪದದ ಮೇಲಿನ ಒಡೆತನವಲ್ಲ ಎಂಬುದನ್ನು ಗಮನಿಸಬೇಕು.

ಅಂತರ್ಜಾಲದ ಅವಕಾಶ

ಇದೇ ಅಂತರ್ಜಾಲ ಹಾಡುಗಾರರಿಗೆ ವರವೂ ಆಗಬಲ್ಲದು. ಕ್ಯಾಸೆಟ್ಟಿಗಿದ್ದ ಸಮಯದ ಮಿತಿ ಯೂಟ್ಯೂಬ್‌ಗಿಲ್ಲ. ರಾತ್ರಿಯಿಡೀ ನಡೆಯುವ ಕಥೆಯನ್ನು ಕತ್ತರಿಸದೆ ಹಾಕಬಹುದು. ಬೆಂಗಳೂರಿನಲ್ಲಿ ನೆಲೆಸಿದ ಹುಣಸೂರಿನ ಒಕ್ಕಲಿನವರೂ, ವಿದೇಶದಲ್ಲಿರುವ ಕನ್ನಡಿಗರೂ ಅದನ್ನು ಕೇಳಬಹುದು. ಆದರೆ ಜಾತ್ರೆಯಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸಿದವರೇ ಚಾನೆಲ್ ತೆರೆದು ಜಾಹೀರಾತಿನ ಹಣ ಪಡೆದರೆ ಹಾಡಿದವರಿಗೆ ಏನೂ ದಕ್ಕುವುದಿಲ್ಲ.

ವೃದ್ಧ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಸೌಲಭ್ಯವಿದೆ. ಆದರೆ ಮಾಸಾಶನ ನೆರವು, ಗೌರವಧನ ಹಕ್ಕು. ಚಿತ್ರೀಕರಣಕ್ಕೆ ಮುನ್ನ ಒಪ್ಪಿಗೆ, ಒಂದು ಪುಟದ ಕರಾರು, ವಿಡಿಯೊದ ಕೆಳಗೆ ಹಾಡಿದವರ ಹೆಸರು ಮತ್ತು ಊರು: ಇಷ್ಟನ್ನು ಮಾಡಲು ಹೊಸ ಕಾಯ್ದೆಯ ಅಗತ್ಯವಿಲ್ಲ. ‘ಜನಪದ’ ಎಂದು ಬರೆಯುವುದು ತಪ್ಪಲ್ಲ. ಆ ಪದದ ಪಕ್ಕದಲ್ಲಿ ಹಾಡಿದವರ ಹೆಸರಿಗೂ ಜಾಗವಿರಬೇಕು.