ಲೆಕ್ಕ ಕೇಳುವವರೂ ದಾರಿ ತೋರುವವರೂ

ಒಂದೇ ಊರಿನಲ್ಲಿ ಒಂದೇ ಅಳತೆಯ ಭೂಮಿಯನ್ನೂ ಹೆಚ್ಚು ಕಡಿಮೆ ಒಂದೇ ಮೂಲಧನವನ್ನೂ ಉಳ್ಳ ಇಬ್ಬರು ಗೃಹಸ್ಥರಲ್ಲಿ ಒಬ್ಬನು ಹತ್ತು ವರ್ಷಗಳೊಳಗೆ ಮುಂದಕ್ಕೆ ಬರುವುದನ್ನೂ ಮತ್ತೊಬ್ಬನು ಇದ್ದಲ್ಲಿಯೇ ಇರುವುದನ್ನೂ ವಾಚಕರೆಲ್ಲರೂ ಕಂಡಿರುವರು. ಇದಕ್ಕೆ ಕಾರಣವೇನೆಂದರೆ ಕೆಲವರು ಅದೃಷ್ಟವೆನ್ನುವರು, ಕೆಲವರು ಬುದ್ಧಿಯೆನ್ನುವರು. ಅದೃಷ್ಟವು ನಮ್ಮ ಕೈಯಲ್ಲಿಲ್ಲ. ಬುದ್ಧಿಯಾದರೋ ಸಾಮಾನ್ಯವಾಗಿ ಇಬ್ಬರಿಗೂ ಇರುತ್ತದೆ. ಆದಕಾರಣ ಮೂರನೆಯ ಕಾರಣವೊಂದನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಮುಂದೆ ಬಂದವನಿಗೆ ಬಹುಮಟ್ಟಿಗೆ ಎರಡು ಸಹಾಯಗಳು ಒದಗಿರುತ್ತವೆ: ಗೊತ್ತಾದ ದಿನದಂದು ‘ಏನು ಮಾಡಿದೆ?’ ಎಂದು ಕೇಳುವವರು ಒಬ್ಬರು. ‘ಹೀಗೆ ಮಾಡಿ ನೋಡು’ ಎಂದು ಕಲಿಸುವವರು ಒಬ್ಬರು.

ಈ ಮೊದಲನೆಯದಕ್ಕೆ ನಮ್ಮ ಭಾಷೆಯಲ್ಲಿ ಎರಡು ಹೆಸರುಗಳುಂಟು. ಸಂಸ್ಕೃತದಿಂದ ಬಂದದ್ದು ಉತ್ತರವಾದಿತ್ವ. ಫಾರಸಿಯಿಂದ ಬಂದದ್ದು ಜವಾಬುದಾರಿ. ಜವಾಬು ಎಂದರೂ ಉತ್ತರವೆಂದೇ ಅರ್ಥ. ಎರಡು ಭಾಷೆಗಳವರೂ ಒಂದೇ ಮಾತನ್ನು ಕಂಡುಕೊಂಡರು: ಹೊಣೆಯನ್ನು ಹೊತ್ತವನೆಂದರೆ ಕೇಳಿದಾಗ ಉತ್ತರವನ್ನು ಕೊಡತಕ್ಕವನು. ಕೇಳುವವರೇ ಇಲ್ಲದಿದ್ದಲ್ಲಿ ಹೊಣೆಯು ಹೆಸರಿಗೆ ಮಾತ್ರ ಉಳಿಯುವುದು.

ಈ ಮಾತುಗಳನ್ನು ನಾವು ಹನೂರು ತಾಲ್ಲೂಕಿನ ಶಾಗ್ಯದಲ್ಲಿ ಕುಳಿತು ಬರೆಯುತ್ತಿದ್ದೇವೆ. ಕೊಳ್ಳೇಗಾಲದ ಈ ಸೀಮೆಯು ೧೯೫೬ನೆಯ ವರ್ಷದ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನ ಕಡೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಬಳಿಕ ಮೈಸೂರು ಜಿಲ್ಲೆಗೂ, ೧೯೯೭ರಿಂದ ಚಾಮರಾಜನಗರ ಜಿಲ್ಲೆಗೂ ಸೇರಿತು. ಮಳೆಯನ್ನು ನಂಬಿದ ರಾಗಿ ಹುರುಳಿಗಳ ಜೊತೆಗೆ ಹಿಪ್ಪುನೇರಳೆಯೂ ರೇಷ್ಮೆಹುಳುವೂ ಈ ಸೀಮೆಗೆ ಬಹುಕಾಲದಿಂದ ಅನ್ನವನ್ನು ಕೊಟ್ಟಿವೆ. ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಅರಿಯದ ಕನ್ನಡ ಗೃಹಿಣಿಯರು ವಿರಳ. ಆದುದರಿಂದ ನಮ್ಮ ವಿಷಯಕ್ಕೆ ರೇಷ್ಮೆಹುಳುವಿನ ಸಾಕಣೆಯನ್ನೇ ಮೊದಲ ದೃಷ್ಟಾಂತವಾಗಿ ತೆಗೆದುಕೊಳ್ಳುತ್ತೇವೆ.

ರೇಷ್ಮೆಹುಳುವು ಮೊಟ್ಟೆಯೊಡೆದು ಬಂದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನಗಳು. ಈ ಅವಧಿಯಲ್ಲಿ ಅದು ನಾಲ್ಕು ಸಲ ಪೊರೆ ಕಳಚುವುದು. ಇದನ್ನೇ ರೈತರು ‘ಜ್ವರ’ವೆಂದು ಕರೆಯುವರು. ಎರಡನೆಯ ಜ್ವರದವರೆಗಿನ ಎಳೆಯ ಪ್ರಾಯಕ್ಕೆ ಚಾಕಿಯೆಂದು ಹೆಸರು. ಆಗ ಎಳೆಯ ಸೊಪ್ಪೂ, ಹದವಾದ ಬಿಸಿಯೂ, ಹೆಚ್ಚಿನ ತೇವವೂ ಬೇಕು. ಕಡೆಯ ಪ್ರಾಯದಲ್ಲಾದರೋ ಗಾಳಿಯಾಡಬೇಕು, ತೇವ ಕಡಿಮೆಯಾಗಬೇಕು. ಜ್ವರಕ್ಕೆ ಕುಳಿತ ಹುಳುಗಳ ಹಾಸಿಗೆಯು ಒಣಗಿರಲೆಂದು ಸುಣ್ಣದ ಪುಡಿಯನ್ನು ಉದುರಿಸಬೇಕು. ಬಹುತೇಕ ಎಲ್ಲವೂ ಜ್ವರದಿಂದ ಏಳುವ ಮೊದಲು ಸೊಪ್ಪನ್ನು ಹಾಕಕೂಡದು. ಹುಳುಮನೆಯನ್ನು ಪ್ರತಿಯೊಂದು ಬೆಳೆಗೂ ಮೊದಲು ಔಷಧದಿಂದ ಶುದ್ಧಿಮಾಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮೊದಲಾದ ರೋಗಗಳು ತಲೆದೋರಿ, ತಿಂಗಳ ದುಡಿಮೆಯೆಲ್ಲವೂ ಒಂದೆರಡು ದಿನಗಳಲ್ಲಿ ತಿಪ್ಪೆಗೆ ಸೇರುವುದು.

ಈ ಸಂಗತಿಗಳನ್ನು ತಿಳಿಯದ ರೈತನಿಲ್ಲ. ಆದರೆ ತಿಳಿದದ್ದನ್ನು ಪ್ರತಿದಿನವೂ ತಪ್ಪದೆ ನಡೆಸುವುದು ಬೇರೆಯೇ ಒಂದು ವಿದ್ಯೆ. ಮಲೆಮಹದೇಶ್ವರನ ಜಾತ್ರೆ ಬಂದಿತೆಂದೋ, ಮನೆಯಲ್ಲಿ ಮದುವೆಯಿತ್ತೆಂದೋ, ಹೋದ ಬೆಳೆಗೆ ಏನೂ ಆಗಲಿಲ್ಲವಲ್ಲಾ ಎಂದೋ ಶುದ್ಧಿಯ ಕೆಲಸವು ಹಿಂದೆ ಬೀಳುವುದು. ಇಲ್ಲಿಯೇ ಬೇರೊಬ್ಬರ ಕಣ್ಣಿನ ಅವಶ್ಯಕತೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನ ಸಂಸ್ಥೆಯಲ್ಲಿ ೧೯೯೧ರಿಂದ ೨೦೦೭ರವರೆಗೆ ಜಪಾನಿನ ತಜ್ಞರ ನೆರವಿನಿಂದ ದ್ವಿತಳಿ ರೇಷ್ಮೆಯ ಅಭಿವೃದ್ಧಿ ಕಾರ್ಯವು ಮೂರು ಹಂತಗಳಲ್ಲಿ ನಡೆಯಿತು. ದ್ವಿತಳಿಯ ಬಿಳಿಯ ಗೂಡಿನ ನೂಲು ಉದ್ದವೂ ಹೊಳಪುಳ್ಳದ್ದೂ ಆದುದು; ಆದರೆ ಹುಳುವು ಸುಕುಮಾರವಾದುದರಿಂದ ನಮ್ಮ ಉಷ್ಣದೇಶದಲ್ಲಿ ರೈತನ ಮನೆಯೊಳಗೆ ಅದನ್ನು ವರ್ಷವಿಡೀ ಸಾಕುವುದು ದುಸ್ಸಾಧ್ಯವೆಂದೇ ಅನೇಕರು ನಂಬಿದ್ದರು. ಹೊಸ ತಳಿಗಳು ಬಂದುವು ನಿಜ. ಆದರೆ ತಳಿಯೊಂದೇ ಸಾಲದೆ, ಸಾಕುವ ಕ್ರಮವನ್ನು ರೈತನ ಹುಳುಮನೆಯಲ್ಲಿಯೇ ನಿಂತು ಕಲಿಸುವ ಜನರೂ ಬೇಕಾದರು. ಪುಸ್ತಕದಿಂದ ಬಾರದ ವಿದ್ಯೆಯು ಪಕ್ಕದಲ್ಲಿ ನಿಂತ ಬಲ್ಲವನ ಕೈಯಿಂದ ಬರುವುದು.

ಹುಳು ಸಾಕುವ ಮನೆಯಲ್ಲಿ ಒಂದು ಪುಸ್ತಕವಿರಲಿ. ಮೊಟ್ಟೆ ತಂದ ದಿನ, ಪ್ರತಿಯೊಂದು ಜ್ವರದ ದಿನ, ಹಾಕಿದ ಸೊಪ್ಪು, ಕಂಡ ರೋಗ, ನೂರು ಮೊಟ್ಟೆಗೆ ಬಂದ ಗೂಡಿನ ತೂಕ ಇವೆಲ್ಲವೂ ಅದರಲ್ಲಿ ಬರೆಯಲ್ಪಡಲಿ. ದಾರಿ ತೋರುವವನು ಬಂದಾಗ ಅದನ್ನು ಅವನ ಮುಂದೆ ತೆರೆಯಬೇಕು. ಬರೆದದ್ದು ಸುಳ್ಳಾಡುವುದು ಕಷ್ಟ. ಮೂರು ಬೆಳೆಗಳ ಲೆಕ್ಕವು ಒಂದೆಡೆಗೆ ಸೇರಿದಾಗ, ನಷ್ಟವು ದೈವದಿಂದ ಬಂದಿತೋ ಹಸಿಯ ಹಾಸಿಗೆಯಿಂದ ಬಂದಿತೋ ಎಂಬುದು ತಾನಾಗಿಯೇ ಸ್ಪಷ್ಟವಾಗುವುದು.

ಇನ್ನು ಲೆಕ್ಕ ಕೇಳುವವರ ವಿಷಯಕ್ಕೆ ಬರೋಣ. ಇದಕ್ಕೂ ನಮ್ಮ ಸೀಮೆಯಲ್ಲಿಯೇ ದೃಷ್ಟಾಂತವುಂಟು. ೧೯೬೮ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಎಂಬ ಸೇವಾಸಂಸ್ಥೆಯು ಮುಂದೆ ಬಡ ಗ್ರಾಮೀಣರ ನಡುವೆ ಕೆಲಸಕ್ಕಿಳಿಯಿತು. ಕೊಳ್ಳೇಗಾಲವೂ ಅದರ ಕಾರ್ಯಕ್ಷೇತ್ರಗಳಲ್ಲಿ ಒಂದು. ಆ ಸಂಸ್ಥೆಯು ಪ್ರೋತ್ಸಾಹಿಸಿದ ದೊಡ್ಡ ಸಹಕಾರ ಸಂಘಗಳು ೧೯೮೪-೮೫ರ ಹೊತ್ತಿಗೆ ಕಲಹಗಳಿಂದ ಒಡೆದುವು. ನೂರಾರು ಸದಸ್ಯರ ಸಂಘದಲ್ಲಿ ಯಾರು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಆಗ ಪರಸ್ಪರ ವಿಶ್ವಾಸವುಳ್ಳ ಸದಸ್ಯರೇ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿದರು. ಇವೇ ಮುಂದೆ ಸ್ವಸಹಾಯ ಗುಂಪುಗಳೆಂದು ಪ್ರಸಿದ್ಧಿಯನ್ನು ಪಡೆದುವು. ನಬಾರ್ಡ್ ಬ್ಯಾಂಕು ೧೯೮೭ರಲ್ಲಿ ಈ ಗುಂಪುಗಳ ಉಳಿತಾಯಕ್ಕೆ ಸಮನಾಗಿ ಕೊಡಲೆಂದು ಮೈರಾಡಕ್ಕೆ ಹಣವನ್ನು ಒದಗಿಸಿ, ೧೯೯೨ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ದೇಶದಲ್ಲಿ ಆರಂಭಿಸಿತು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದ ನಾಡಿಗೆ ಇದು ತಕ್ಕ ಮುಂದುವರಿಕೆಯೇ ಸರಿ.

ಇಂಥ ಗುಂಪಿನ ಸಭೆಯು ಹೇಗೆ ನಡೆಯಬೇಕೆಂಬುದನ್ನು ವಿವರಿಸುವುದು ಉಚಿತ. ಹದಿನೈದು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ವೃತ್ತಾಕಾರವಾಗಿ ಕೂರುವರು. ಉಳಿತಾಯದ ಹಣವನ್ನು ಎಲ್ಲರ ಮುಂದೆ ಇಟ್ಟು ಎಣಿಸಲಾಗುವುದು. ಸಾಲ ಬೇಕಾದವಳು ಅದು ಯಾತಕ್ಕೆಂದು ಹೇಳಬೇಕು. ಹಿಂದೆ ಪಡೆದವಳು ಹಣವು ಆ ಕಾರ್ಯಕ್ಕೇ ವಿನಿಯೋಗವಾಯಿತೇ ಎಂದು ತಿಳಿಸಬೇಕು. ಹಸುವನ್ನು ಕೊಳ್ಳುತ್ತೇನೆಂದು ಹೇಳಿ ಕೊಳ್ಳದೆ ಹೋದವಳನ್ನು ಕೇಳಲು ಯಾವ ಅಧಿಕಾರಿಯೂ ಬರಬೇಕಾಗಿಲ್ಲ. ಕೊಟ್ಟಿಗೆಯು ಪಕ್ಕದ ಮನೆಯವಳ ಕಣ್ಣೆದುರಿಗೇ ಇರುವುದು. ತಡವಾಗಿ ಬಂದವಳಿಗೆ ದಂಡವುಂಟು. ಪ್ರತಿನಿಧಿಗಳು ಕಾಲಕಾಲಕ್ಕೆ ಬದಲಾಗುವರು. ಏತಕ್ಕೆಂದರೆ ಕೇಳುವವಳೂ ಒಂದು ದಿನ ಉತ್ತರ ಹೇಳುವ ಸ್ಥಾನದಲ್ಲಿ ಕೂರಬೇಕು. ಇಷ್ಟೇ ಅಲ್ಲದೆ ಸಭೆಯನ್ನು ನಡೆಸುವುದು, ಲೆಕ್ಕ ಬರೆಯುವುದು, ಜಗಳವನ್ನು ತೀರಿಸುವುದು ಇವುಗಳಲ್ಲಿ ಸದಸ್ಯರಿಗೆ ಶಿಕ್ಷಣವನ್ನು ಕೊಡುವುದು ಆ ಸಂಸ್ಥೆಯ ಪದ್ಧತಿಯ ಮುಖ್ಯ ಅಂಗವಾಗಿದ್ದಿತು. ಲೆಕ್ಕವೂ ಕಲಿಕೆಯೂ ಒಂದೇ ಚಾಪೆಯ ಮೇಲೆ ಕುಳಿತುವು.

ಇವೆರಡೂ ಬೇರೆಯಾದರೆ ಏನಾಗುವುದೆಂಬುದನ್ನೂ ನಮ್ಮ ಜಿಲ್ಲೆಯೇ ಕಂಡಿತು. ೨೦೨೫ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಗ್ರಾಮಗಳ ಕುಟುಂಬಗಳು ಕಿರುಸಾಲದ ವಸೂಲಿಯವರ ಕಾಟವನ್ನು ತಾಳಲಾರದೆ ಮನೆಗಳಿಗೆ ಬೀಗ ಹಾಕಿ ಹೊರಟುಹೋದ ವಾರ್ತೆಯನ್ನು ವಾಚಕರು ಓದಿರಬಹುದು. ಮರುತಿಂಗಳು ಸರ್ಕಾರವು ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಹತ್ತು ವರ್ಷಗಳವರೆಗಿನ ಸೆರೆವಾಸವೂ ಐದು ಲಕ್ಷ ರೂಪಾಯಿಗಳವರೆಗಿನ ದಂಡವೂ ಅದರಲ್ಲಿ ವಿಧಿಸಲ್ಪಟ್ಟುವು. ಹೊರಗಿನಿಂದ ನೋಡಿದರೆ ಕಿರುಸಾಲದ ಗುಂಪಿಗೂ ಸ್ವಸಹಾಯದ ಗುಂಪಿಗೂ ಭೇದವು ಕಾಣದು: ಅಲ್ಲಿಯೂ ಹೆಂಗಸರ ಗುಂಪು, ಅಲ್ಲಿಯೂ ವಾರದ ಕಂತು. ಆದರೆ ಸಾಲವು ಯಾತಕ್ಕೆ, ದುಡಿಮೆಯು ಹೇಗೆ ನಡೆದಿದೆ, ತೊಂದರೆಯೇನು ಎಂದು ಕೇಳದೆ, ಕಂತು ಎಲ್ಲಿ ಎಂಬ ಒಂದೇ ಪ್ರಶ್ನೆಯನ್ನು ಕೇಳುವ ಕಡೆ ಉತ್ತರವಾದಿತ್ವವು ಹೆದರಿಕೆಯಾಗಿ ಮಾರ್ಪಡುವುದು. ಒಂದರ ಕಂತಿಗೆ ಮತ್ತೊಂದರಿಂದ ಸಾಲ ತರುವವಳನ್ನು ತಡೆದು ಬುದ್ಧಿ ಹೇಳುವವರು ಅಲ್ಲಿ ಇರುವುದಿಲ್ಲ.

ಸಂಸ್ಕೃತದಲ್ಲಿ ಶಿಕ್ಷೆಯೆಂದರೆ ಮೊದಲಿಗೆ ಕಲಿಕೆಯೆಂದೇ ಅರ್ಥ. ಕನ್ನಡದ ಬಳಕೆಯಲ್ಲಿ ಅದು ದಂಡನೆಯಾಗಿದೆ. ಕಲಿಸದೆ ಲೆಕ್ಕ ಕೇಳುವ ಕಡೆ ಮೊದಲನೆಯ ಅರ್ಥವು ಅಳಿದು ಎರಡನೆಯದೊಂದೇ ಉಳಿಯುವುದು. ಇದಕ್ಕೆ ವಿಪರೀತವಾಗಿ ಲೆಕ್ಕವನ್ನೇ ಕೇಳದೆ ಕಲಿಸುವುದೂ ವ್ಯರ್ಥ. ಒಂದು ದಿನದ ಭಾಷಣವನ್ನು ಕೇಳಿ, ಕಾಫಿ ತಿಂಡಿಗಳನ್ನು ಮುಗಿಸಿ, ಪ್ರಮಾಣಪತ್ರವನ್ನು ಹಿಡಿದು ಮನೆಗೆ ಬಂದವನು ಮಾರನೆಯ ದಿನ ಹಳೆಯ ದಾರಿಯನ್ನೇ ಹಿಡಿಯುವನು; ಏಕೆಂದರೆ ಮುಂದಿನ ವಾರ ಅವನನ್ನು ಕೇಳುವವರಿಲ್ಲ.

ಹಾಗಾದರೆ ಅಂಗಡಿ, ಬೇಸಾಯ, ನೌಕರಿಗಳಲ್ಲಿರುವ ಗೃಹಸ್ಥರು ಏನು ಮಾಡಬೇಕು? ಮೊದಲನೆಯದಾಗಿ, ಲೆಕ್ಕ ಕೇಳುವವರನ್ನು ತಾವೇ ಆರಿಸಿಕೊಳ್ಳಬೇಕು. ನಮ್ಮ ನಷ್ಟದಿಂದ ಲಾಭ ಪಡೆಯುವವನೂ, ನಾವು ಮಾಡಿದ್ದೆಲ್ಲವನ್ನೂ ಹೊಗಳುವವನೂ ಈ ಕೆಲಸಕ್ಕೆ ಬರುವುದಿಲ್ಲ. ಎರಡನೆಯದಾಗಿ, ದಿನವು ಗೊತ್ತಾಗಿರಬೇಕು. ಬಿಡುವಾದಾಗ ನೋಡೋಣವೆಂದರೆ ಬಿಡುವು ಎಂದಿಗೂ ಬಾರದು. ಮೂರನೆಯದಾಗಿ, ನಮ್ಮ ಕೈಯಲ್ಲಿರುವುದಕ್ಕೆ ಮಾತ್ರ ಲೆಕ್ಕವನ್ನು ಒಪ್ಪಿಸಬೇಕು. ಗೂಡಿನ ಧಾರಣೆಯು ರೈತನ ಕೈಯಲ್ಲಿಲ್ಲ, ಸುಣ್ಣ ಹಾಕುವುದು ಅವನ ಕೈಯಲ್ಲಿದೆ. ಮೇಲಿನ ಹುದ್ದೆಯು ದೊರೆಯುವುದು ನೌಕರನ ಕೈಯಲ್ಲಿಲ್ಲ, ಅದಕ್ಕೆ ಬೇಕಾದ ಪರೀಕ್ಷೆಗೆ ದಿನವೂ ಒಂದು ಗಂಟೆ ಓದುವುದು ಅವನ ಕೈಯಲ್ಲಿದೆ. ನಾಲ್ಕನೆಯದಾಗಿ, ದಾರಿ ತೋರುವವನು ಆ ದಾರಿಯಲ್ಲಿ ತಾನು ನಡೆದವನಾಗಿರಬೇಕು. ಹಣವನ್ನು ತೆಗೆದುಕೊಂಡು ಯಶಸ್ಸನ್ನು ಮಾರುವೆನೆಂಬವನಿಂದ ದೂರವಿರಬೇಕು.

ಮನೆಯೊಳಗೂ ಈ ನೀತಿಯು ಸಲ್ಲುವುದು. ಅಂಗಡಿಯನ್ನು ಹೊಸದಾಗಿ ಇಟ್ಟ ಮಗನನ್ನು ತಂದೆಯು ನೆಂಟರಿಷ್ಟರ ಮುಂದೆ ಲಾಭನಷ್ಟಗಳನ್ನು ಕೇಳಿದರೆ ಅವನು ಮರೆಮಾಚುವುದನ್ನು ಕಲಿಯುವನು. ತಿಂಗಳಿಗೊಮ್ಮೆ ಊಟವಾದ ಮೇಲೆ ಪುಸ್ತಕವನ್ನು ಬಿಚ್ಚಿ, ತಾಯಿಯನ್ನೂ ಸೊಸೆಯನ್ನೂ ಕೂರಿಸಿಕೊಂಡು, ಸಾಲವೆಷ್ಟು, ಬರತಕ್ಕದ್ದೆಷ್ಟು, ಮುಂದಿನ ತಿಂಗಳು ಮಾಡತಕ್ಕದ್ದೇನು ಎಂದು ನೋಡಿದರೆ, ಕಷ್ಟವು ಬೆಟ್ಟವಾಗುವ ಮೊದಲೇ ಗೋಚರವಾಗುವುದು. ಹಾಗೆ ನೋಡುವ ರೂಢಿಯಿರುವ ಮನೆಯಲ್ಲಿ ಗುಟ್ಟಾದ ಸಾಲವು ಬೆಳೆಯಲು ಎಡೆಯಿಲ್ಲ. ಅಂಥ ಮನೆಗೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಡುವ ದುರ್ದೆಸೆಯೂ ಬರಲಾರದೆಂದು ನಾವು ನಂಬುತ್ತೇವೆ. ವಾಚಕರು ಈ ತಿಂಗಳಿನಲ್ಲಿಯೇ ಅಂಥದೊಂದು ದಿನವನ್ನು ಗೊತ್ತುಮಾಡಿಕೊಳ್ಳಲೆಂದು ನಮ್ಮ ಪ್ರಾರ್ಥನೆ.