ಇಬ್ಬರಿದ್ದರೂ ಒಂದು ತಂಡ

ಫೆನ್ಸಿಂಗ್ ಎಂದರೆ ಬೇಲಿ ಹಾಕುವುದಲ್ಲ, ಕತ್ತಿವರಸೆ. ಮನೆಯಲ್ಲಿ ಈ ವಿಷಯ ಹೇಳಿದಾಗ ಅಮ್ಮಿ "ತಲ್ವಾರಾ?" ಎಂದು ಗಾಬರಿಯಾದರು. ಆದರೆ ಈ ಆಟದ ಕತ್ತಿಗೆ ಹರಿತವಿಲ್ಲ. ಮುಖಕ್ಕೆ ಜಾಲರಿಯ ಮುಖವಾಡ, ಮೈಗೆ ದಪ್ಪ ಜಾಕೆಟ್ ಇರುತ್ತದೆ. ಕತ್ತಿ ತಾಗಿದರೆ ಯಂತ್ರದಲ್ಲಿ ದೀಪ ಹತ್ತುತ್ತದೆ, ಅಷ್ಟೇ.

ಕಾಮರ್ಸ್ ಓದುವ ನನಗೆ ಆಟಕ್ಕಿಂತ ಅದನ್ನು ನಡೆಸುವ ರೀತಿಯೇ ಹೆಚ್ಚು ಹಿಡಿಸಿತು. ಅಮೆರಿಕದಲ್ಲಿ ಸಂಬಳದ ಕೋಚ್ ಇಟ್ಟು ಫೆನ್ಸಿಂಗ್ ತಂಡ ಕಟ್ಟುವ ವಿಶ್ವವಿದ್ಯಾಲಯಗಳು ಕಡಿಮೆ. ಉಳಿದ ಅನೇಕ ಕಡೆ ವಿದ್ಯಾರ್ಥಿಗಳೇ ಕ್ಲಬ್ ನಡೆಸುತ್ತಾರೆ. ಅಧ್ಯಕ್ಷ, ಖಜಾಂಚಿ ಅವರಲ್ಲೇ ಒಬ್ಬರು. ಚಂದಾ ಎತ್ತುವುದೂ ಅವರೇ. ಟೆಕ್ಸಸ್ ಭಾಗದ ಇಂಥ ಕ್ಲಬ್‌ಗಳು ಸೇರಿ ಸೌತ್‌ವೆಸ್ಟ್ ಇಂಟರ್‌ಕಾಲೇಜಿಯೇಟ್ ಫೆನ್ಸಿಂಗ್ ಅಸೋಸಿಯೇಷನ್ ಎಂಬ ಒಕ್ಕೂಟ ಮಾಡಿಕೊಂಡಿವೆ.

ಒಕ್ಕೂಟ ಯಾಕೆ ಬೇಕು? ದಿನವೂ ಅದೇ ನಾಲ್ಕು ಜನರ ಜೊತೆ ಆಡಿದರೆ ಒಬ್ಬರ ಪಟ್ಟು ಇನ್ನೊಬ್ಬರಿಗೆ ಬಾಯಿಪಾಠವಾಗಿಬಿಡುತ್ತದೆ. ಇನ್ನೊಂದು ಕಾರಣ ದುಡ್ಡು. ಒಂದು ಕಾಲೇಜಿನಲ್ಲಿ ಎಲ್ಲರೂ ಸೇರಿದರೆ ಅಂಕದ ಯಂತ್ರ, ಅಂಗಳ, ತೀರ್ಪುಗಾರರ ಖರ್ಚು ಹಂಚಿಹೋಗುತ್ತದೆ. ಅರ್ಥಶಾಸ್ತ್ರದಲ್ಲಿ ನಾವು ಓದಿದ ಸ್ಥಿರ ವೆಚ್ಚ ಇದೇ: ತಂಡಗಳು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಇಳಿಯುತ್ತದೆ.

ಆಟದಲ್ಲಿ ಫಾಯಿಲ್, ಎಪೆ, ಸೇಬರ್ ಎಂದು ಮೂರು ಬಗೆಯ ಕತ್ತಿಗಳಿವೆ. ಫಾಯಿಲ್ ಮತ್ತು ಸೇಬರ್‌ನಲ್ಲಿ ಇಬ್ಬರ ದೀಪವೂ ಹತ್ತಿದರೆ ಆಕ್ರಮಣದ ಹಕ್ಕು ಯಾರದಿತ್ತು ಎಂದು ತೀರ್ಪುಗಾರರೇ ಹೇಳಬೇಕು. ಅದಕ್ಕೆ ಪಳಗಿದ ಕಣ್ಣು ಬೇಕು. ಎಪೆಯಲ್ಲಿ ಆ ರಗಳೆ ಇಲ್ಲ, ಒಟ್ಟಿಗೆ ತಾಗಿದರೆ ಇಬ್ಬರಿಗೂ ಅಂಕ. ಮೇಲೆ ಧರಿಸುವ ಲೋಹದ ನೂಲಿನ ಜಾಕೆಟ್ ಕೂಡ ಅದಕ್ಕೆ ಬೇಡ. ಹೊಸ ಕ್ಲಬ್ ಎಪೆಯಿಂದ ಶುರು ಮಾಡುವುದೇ ಲಾಭ ಎಂದು ನನ್ನ ಲೆಕ್ಕ.

ಉಡುಪಿನ ಕಾರಣಕ್ಕೆ ಆಟ ಬಿಟ್ಟ ಗೆಳತಿಯರು ನನಗಿದ್ದಾರೆ. ಅವರಿಗೆ ಒಂದು ಮಾತು: ಇಲ್ಲಿ ಉದ್ದ ತೋಳು, ಮೊಣಕಾಲಿನವರೆಗಿನ ಕಾಲುಚೀಲ ಗಂಡು ಹೆಣ್ಣು ಎಲ್ಲರಿಗೂ ಕಡ್ಡಾಯ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ತಿಹಾಜ್ ಮುಹಮ್ಮದ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿಯೇ ಆಡಿದರು. ಸೇಬರ್ ತಂಡದಲ್ಲಿ ಅಮೆರಿಕಕ್ಕೆ ಕಂಚು ಬಂತು. ನಮ್ಮ ಚೆನ್ನೈನ ಭವಾನಿ ದೇವಿ ಟೋಕಿಯೊದಲ್ಲಿ ಆಡಿದ್ದೂ ಸೇಬರ್‌ನಲ್ಲೇ.

ಜನ ಸಾಲದಿದ್ದರೆ? ಅಮೆರಿಕದ ಕಾಲೇಜು ಪಂದ್ಯದಲ್ಲಿ ಒಂದು ಬಗೆಯ ಕತ್ತಿಗೆ ಮೂವರ ತಂಡ. ಪ್ರತಿಯೊಬ್ಬರೂ ಎದುರಾಳಿ ಮೂವರ ಜೊತೆಗೂ ಐದು ಅಂಕದ ಆಟ ಆಡಬೇಕು. ಒಟ್ಟು 9 ಆಟ, 5 ಗೆದ್ದವರಿಗೆ ಜಯ. ಇಬ್ಬರೇ ಬಂದರೆ ಮೂರನೆಯವರ 3 ಆಟ ಎದುರಾಳಿಗೆ ಹೋಗುತ್ತವೆ. ಉಳಿದ 6ರಲ್ಲಿ 5 ಗೆಲ್ಲಬೇಕು. ಒಂದು ಸೋತರೂ ನಡೆಯುತ್ತದೆ.